ಹತ್ತು ರೂಪಾಯಿಯ ಟಿಕೆಟ್ ಮತ್ತು ಗಡಿನಾಡಿನ ಲೆಕ್ಕ

ಪ್ಯಾಸೆಂಜರ್ ರೈಲಿನಿಂದ ಒಂದು ಊರಿಗೆ ಏನು ಲಾಭ ಎಂದು ಕೇಳಿದರೆ ‘ಜನರಿಗೆ ಅನುಕೂಲ’ ಎಂಬ ಉತ್ತರ ಸಿಗುತ್ತದೆ. ಮನವಿ ಪತ್ರಗಳಲ್ಲೂ ಅದೇ ಮಾತು, ಭಾಷಣಗಳಲ್ಲೂ ಅದೇ ಮಾತು. ಆದರೆ ಈ ಅನುಕೂಲಕ್ಕೆ ರೂಪಾಯಿ ಪೈಸೆಯ ಲೆಕ್ಕವಿದೆ. ಯಾರ ಖರ್ಚು ಉಳಿಯುತ್ತದೆ, ಯಾರ ವ್ಯಾಪಾರ ಬೆಳೆಯುತ್ತದೆ, ಯಾರ ಅಂಗಡಿಗೆ ಪೆಟ್ಟು ಬೀಳುತ್ತದೆ ಎಂಬುದನ್ನೆಲ್ಲ ಹಂತಹಂತವಾಗಿ ಹೇಳಲು ಬರುತ್ತದೆ. ಈ ಲೆಕ್ಕ ಗೊತ್ತಿಲ್ಲದ ಕಾರಣದಿಂದಲೇ ‘ಈ ರೈಲು ನಷ್ಟದಲ್ಲಿದೆ’ ಎಂದು ಅಧಿಕಾರಿಗಳು ಹೇಳಿದ ಕೂಡಲೇ ನಮ್ಮ ಬಾಯಿ ಕಟ್ಟುತ್ತದೆ. ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿ ಆ ಮೌನಕ್ಕೆ ತೆರುವ ಬೆಲೆ ದೊಡ್ಡದು.

ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ಹಳಿಯ ದಾರಿ ಸುಮಾರು 46 ಕಿಲೋಮೀಟರ್. ನಡುವೆ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ. ಕಾಸರಗೋಡು ದಾಟಿದರೆ ಕಳನಾಡು, ಕೋಟಿಕುಳಂ, ಬೇಕಲ, ಕಾಞಂಗಾಡು, ನೀಲೇಶ್ವರ, ಚೆರ್ವತ್ತೂರು ಎಂದು ದಕ್ಷಿಣಕ್ಕೆ ಸಾಗುತ್ತದೆ. ಶೊರನೂರಿನಿಂದ ಕರಾವಳಿಯುದ್ದಕ್ಕೂ ಬಂದ ಈ ಹಳಿ 1907ರಲ್ಲಿ ಮಂಗಳೂರು ಮುಟ್ಟಿದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲ್ಲೂಕಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ರಾಜಧಾನಿ ತಿರುವನಂತಪುರ ಇಲ್ಲಿಂದ ಆರುನೂರು ಕಿಲೋಮೀಟರ್‌ಗೆ ಹತ್ತಿರ. ಮಂಜೇಶ್ವರದವರಿಗೆ ಮಂಗಳೂರು ಅರ್ಧ ಗಂಟೆಯ ದಾರಿ. ಸರ್ಕಾರಿ ಕಾಗದಪತ್ರಗಳೆಲ್ಲ ದಕ್ಷಿಣಕ್ಕೆ ಹೋಗುತ್ತವೆ. ಆಸ್ಪತ್ರೆ, ಕಾಲೇಜು, ಕೆಲಸ, ಜವಳಿ, ಅಡಿಕೆ ಎಂದು ಮನುಷ್ಯರು ಉತ್ತರಕ್ಕೆ ಹೋಗುತ್ತಾರೆ.

ಜನ ದಿನನಿತ್ಯ ಬದುಕು ನಡೆಸುವ ಪ್ರದೇಶಕ್ಕೂ ಆಡಳಿತದ ಗಡಿಗೂ ಹೊಂದಾಣಿಕೆ ಇರಲೇಬೇಕೆಂದಿಲ್ಲ ಎಂದು ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ. ಬೆಳಿಗ್ಗೆ ಮನೆ ಬಿಟ್ಟು ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದಾದಷ್ಟು ದೂರವೇ ಒಂದು ಊರಿನ ನಿಜವಾದ ಮಾರುಕಟ್ಟೆ. ಆ ಅಳತೆಯಲ್ಲಿ ಕಾಸರಗೋಡು, ಮಂಜೇಶ್ವರ ತಾಲ್ಲೂಕುಗಳು ಮಂಗಳೂರಿನ ಮಾರುಕಟ್ಟೆಯ ಒಳಗಿವೆ. ಇದಕ್ಕೆ ಕಟುವಾದ ಪುರಾವೆ ಸಿಕ್ಕಿದ್ದು 2020ರ ಮಾರ್ಚ್ ಕೊನೆಯಲ್ಲಿ. ಕೋವಿಡ್ ಕಾರಣಕ್ಕೆ ತಲಪಾಡಿ ಸೇರಿದಂತೆ ಗಡಿಯ ರಸ್ತೆಗಳು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ಪ್ರಾಣ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟ್‌ಗೂ ಸುಪ್ರೀಂ ಕೋರ್ಟ್‌ಗೂ ಹೋಯಿತು. ಗಡಿಯ ಎರಡು ಬದಿಯ ಬದುಕು ಎಷ್ಟು ಹೆಣೆದುಕೊಂಡಿದೆ ಎಂಬುದನ್ನು ತಿಳಿಯಲು ಅಷ್ಟು ದೊಡ್ಡ ಬೆಲೆ ತೆರಬೇಕಾಗಿರಲಿಲ್ಲ.

ಒಂದು ಮನೆಯ ತಿಂಗಳ ಲೆಕ್ಕ

ರೈಲಿನ ಆರ್ಥಿಕ ಲಾಭ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಮನೆಯಿಂದ ನೋಡೋಣ. ಕುಂಬಳೆಯ ಒಬ್ಬ ಯುವತಿ ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದುಕೊಳ್ಳಿ. ಸಂಬಳ ತಿಂಗಳಿಗೆ 14,000 ರೂಪಾಯಿ, ಕೆಲಸದ ದಿನಗಳು 25. ಬಸ್ಸಿನಲ್ಲಿ ಹೋಗಿಬರಲು ದಿನಕ್ಕೆ ನೂರು ರೂಪಾಯಿ ಹಿಡಿದರೆ ತಿಂಗಳಿಗೆ 2,500. ರೈಲಿನ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಈ ದೂರಕ್ಕೆ ಇನ್ನೂರು ರೂಪಾಯಿಯ ಆಸುಪಾಸು. ಉಳಿತಾಯ ಸುಮಾರು 2,300 ರೂಪಾಯಿ, ಅಂದರೆ ಸಂಬಳದ ಹತ್ತಿರ ಹತ್ತಿರ ಆರನೇ ಒಂದು ಭಾಗ. ಮಾಲೀಕರು ಒಮ್ಮೆಗೇ ಇಷ್ಟು ಸಂಬಳ ಏರಿಸುವುದನ್ನು ಯಾರೂ ಕಂಡಿಲ್ಲ.

ಆ 2,300 ರೂಪಾಯಿ ಎಲ್ಲಿ ಹೋಗುತ್ತದೆ? ಕುಂಬಳೆಯ ದಿನಸಿ ಅಂಗಡಿಗೆ, ತಮ್ಮನ ಟ್ಯೂಷನ್‌ಗೆ, ಚೀಟಿಗೆ, ಮನೆಯ ಹಂಚು ಸರಿಮಾಡುವ ಮೇಸ್ತ್ರಿಯ ಕೂಲಿಗೆ. ಬಸ್ಸಿನ ಡೀಸೆಲ್‌ಗೆ ಹೋಗಿದ್ದರೆ ಅದರ ದೊಡ್ಡ ಭಾಗ ಜಿಲ್ಲೆಯಿಂದಲೇ ಹೊರಗೆ ಹರಿಯುತ್ತಿತ್ತು. ಊರಿನೊಳಗೆ ಖರ್ಚಾದ ರೂಪಾಯಿ ಇನ್ನೊಬ್ಬರ ಸಂಪಾದನೆಯಾಗಿ ಮತ್ತೆ ಅಲ್ಲೇ ಖರ್ಚಾಗುತ್ತದೆ. ಅರ್ಥಶಾಸ್ತ್ರದಲ್ಲಿ ಗುಣಕ ಪರಿಣಾಮ ಎನ್ನುವುದು ಇದಕ್ಕೇ. ಅದರ ಮೊತ್ತವನ್ನು ಭಾರಿ ಅಂಕಿಗಳಲ್ಲಿ ಊದಿ ಹೇಳುವ ವರದಿಗಳು ಬರುತ್ತವೆ. ಅಂಥವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸೀಸನ್ ಟಿಕೆಟ್ ಉಳಿಸಿಕೊಟ್ಟ ಹಣವಾದರೋ ಕಣ್ಣಿಗೆ ಕಾಣುವಂಥದ್ದು.

ಈ ದರ ಎಷ್ಟು ಸೂಕ್ಷ್ಮವಾದದ್ದು ಎಂಬುದು ಕೋವಿಡ್ ನಂತರದ ವರ್ಷಗಳಲ್ಲಿ ತಿಳಿಯಿತು. 2020ರ ಮಾರ್ಚ್‌ನಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮತ್ತೆ ಓಡತೊಡಗಿದಾಗ ಹೆಸರು ಬದಲಾಯಿಸಿಕೊಂಡು ಬಂದವು. ಅದೇ ಬೋಗಿ, ಅದೇ ವೇಗ, ಅದೇ ನಿಲ್ದಾಣಗಳು. ಆದರೆ ಕನಿಷ್ಠ ದರ 10 ರೂಪಾಯಿಯ ಬದಲು ಎಕ್ಸ್‌ಪ್ರೆಸ್ಸಿನ 30 ರೂಪಾಯಿ. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಉಪ್ಪಳದಿಂದ ಮಂಗಳೂರಿಗೆ ಮೀನು ಮಾರಲು, ಮನೆಗೆಲಸಕ್ಕೆ, ಕಟ್ಟಡ ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ 20 ರೂಪಾಯಿ ಇದ್ದದ್ದು 60 ಆಯಿತು. ದೂರದ ಪ್ರಯಾಣಿಕರಿಗೆ ಈ ವ್ಯತ್ಯಾಸ ಗಮನಕ್ಕೇ ಬಾರದು. ದಿನಗೂಲಿಯವರಿಗೆ ಅದು ಕೆಲಸ ಒಪ್ಪಿಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುತ್ತದೆ.

ಹಣ ಉಳಿಯುವುದು ಮೊದಲ ಹಂತ. ಎರಡನೆಯದು ಇನ್ನೂ ಮುಖ್ಯ: ಒಬ್ಬರು ಹುಡುಕಬಹುದಾದ ಕೆಲಸಗಳ ಸಂಖ್ಯೆಯೇ ಹೆಚ್ಚುತ್ತದೆ. ನೀಲೇಶ್ವರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವರಿಗೆ ಊರಿನ ಸುತ್ತಮುತ್ತ ಬೆರಳೆಣಿಕೆಯ ಕೆಲಸಗಳಿರಬಹುದು. ಮಂಗಳೂರಿಗೂ ಕಣ್ಣೂರಿಗೂ ಬೆಳಿಗ್ಗೆ ತಲುಪಬಹುದಾದರೆ ಎರಡು ನಗರಗಳ ಕೆಲಸಗಳು ಅವರ ಎದುರಿಗಿರುತ್ತವೆ. ಆಯ್ಕೆ ಇದ್ದವರು ತಮ್ಮ ಓದಿಗೆ ತಕ್ಕ ಕೆಲಸ ಹಿಡಿಯುತ್ತಾರೆ, ಸಂಬಳ ಕೇಳಿ ಪಡೆಯುತ್ತಾರೆ. ಕೆಲಸ ಕೊಡುವವರಿಗೂ ಲಾಭವಿದೆ: ಅರ್ಜಿ ಹಾಕುವವರು ಹೆಚ್ಚು, ಒಬ್ಬರು ಬಿಟ್ಟರೆ ಇನ್ನೊಬ್ಬರು ಬೇಗ ಸಿಗುತ್ತಾರೆ. ಮಂಗಳೂರಿನ ಆಸ್ಪತ್ರೆಗಳ ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ಅಂಗಡಿಗಳ ಸಿಬ್ಬಂದಿಯಲ್ಲಿ ಗಡಿಯಾಚೆಯಿಂದ ನಿತ್ಯ ಬರುವವರಿದ್ದಾರೆ. ರೈಲು ತಡವಾದ ದಿನ ಆ ನಗರದ ಕೆಲಸವೂ ತಡವಾಗಿಯೇ ಶುರುವಾಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಲೇಬೇಕು. ಮನೆಯ ಜವಾಬ್ದಾರಿ ಹೊತ್ತವರು ಪರವೂರಿನಲ್ಲಿ ಕೋಣೆ ಹಿಡಿದು ಇರಲಾರರು. ಎಷ್ಟೋ ಮನೆಗಳಲ್ಲಿ ಅದಕ್ಕೆ ಒಪ್ಪಿಗೆಯೂ ಸಿಗದು. ಸಂಜೆ ಮನೆಗೆ ಮರಳುವ ರೈಲು ಇದ್ದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಮಹಿಳೆಯರ ಬೋಗಿ, ಜೊತೆಗೆ ಬರುವ ಪರಿಚಿತ ಮುಖಗಳು, ನಿಗದಿತ ಸಮಯ, ಇವೆಲ್ಲ ಸೇರಿ ಕೊಡುವ ಧೈರ್ಯಕ್ಕೆ ಯಾವ ವರದಿಯಲ್ಲೂ ಬೆಲೆ ಕಟ್ಟಿರುವುದಿಲ್ಲ.

ಕಾಲೇಜು, ಆಸ್ಪತ್ರೆ

ಓದಿನ ವಿಷಯದಲ್ಲಿ ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸೌಲಭ್ಯವಿದೆ. ಪದವಿ ಮುಗಿಯುವವರೆಗೆ ವಿದ್ಯಾರ್ಥಿನಿಯರಿಗೆ, 12ನೇ ತರಗತಿಯವರೆಗೆ ವಿದ್ಯಾರ್ಥಿಗಳಿಗೆ ಮನೆಯಿಂದ ಶಾಲೆ, ಕಾಲೇಜಿಗೆ ಹೋಗಿಬರಲು ರೈಲ್ವೆಯ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಉಚಿತ. ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಕೊಟ್ಟು ಪಡೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದರ ಅರ್ಥ ದೊಡ್ಡದು. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು, ಕನ್ನಡ ವಿಭಾಗವಿರುವ ಕಾಸರಗೋಡು ಸರ್ಕಾರಿ ಕಾಲೇಜು, ಮಂಗಳೂರಿನ ಕಾಲೇಜುಗಳು, 1980ರಲ್ಲಿ ಆರಂಭವಾದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಇವೆಲ್ಲ ಈ ಹಳಿಯ ಅಕ್ಕಪಕ್ಕದಲ್ಲಿಯೋ ಒಂದು ಬಸ್ಸಿನ ದೂರದಲ್ಲಿಯೋ ಇವೆ. ದಕ್ಷಿಣಕ್ಕೆ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಅಲ್ಲಿಗೆ ಉತ್ತರದಿಂದ ಹೋಗುವವರೂ ಇದ್ದಾರೆ. ಎರಡು ದಿಕ್ಕಿಗೂ ಜನ ತುಂಬಿದ ರೈಲು ರೈಲ್ವೆಗೂ ಲಾಭದ ಮಾತು. ಬೆಳಿಗ್ಗೆ ತುಂಬಿ ಹೋದ ಬೋಗಿಗಳು ಖಾಲಿ ಮರಳುವುದೇ ಲೋಕಲ್ ರೈಲುಗಳ ದೊಡ್ಡ ವೆಚ್ಚ.

ಹಾಸ್ಟೆಲ್‌ನಲ್ಲಿದ್ದು ಓದಿಸುವ ಶಕ್ತಿಯಿಲ್ಲದ ಮನೆಯ ಮಗಳು ಮನೆಯಲ್ಲೇ ಇದ್ದು ಪದವಿ ಮುಗಿಸಿದರೆ ಅದರ ಲಾಭ ನಲವತ್ತು ವರ್ಷ ಬರುತ್ತದೆ. ಅದು ಟಿಕೆಟ್ ಕೌಂಟರಿನ ಆದಾಯದಲ್ಲಿ ಒಂದು ಪೈಸೆಯಾಗಿಯೂ ಕಾಣುವುದಿಲ್ಲ, ಏಕೆಂದರೆ ಟಿಕೆಟ್ ಉಚಿತ.

ಆಸ್ಪತ್ರೆಯದು ಇನ್ನೊಂದು ಬಗೆ. ತುರ್ತು ಚಿಕಿತ್ಸೆಗೆ ಆಂಬುಲೆನ್ಸ್ ಬೇಕು, ಅದಕ್ಕೆ ರೈಲು ಉತ್ತರವಾಗದು. ಆದರೆ ಕಾಯಿಲೆಯ ಖರ್ಚಿನಲ್ಲಿ ಮನೆಯನ್ನು ನಿಧಾನವಾಗಿ ಹಿಂಡುವುದು ಮರುಭೇಟಿಗಳು. ವಾರಕ್ಕೆ ಎರಡು ಮೂರು ಸಲದ ಡಯಾಲಿಸಿಸ್, ಕೀಮೋಥೆರಪಿಯ ಸುತ್ತುಗಳು, ಮಗುವಿನ ಫಿಸಿಯೋಥೆರಪಿ. ಎಂಡೋಸಲ್ಫಾನ್‌ ಕೀಟನಾಶಕದಿಂದ ನಲುಗಿದ ಗ್ರಾಮಗಳಿರುವ ಈ ಜಿಲ್ಲೆಯಲ್ಲಿ ಇಂಥ ದೀರ್ಘ ಚಿಕಿತ್ಸೆಯ ಮನೆಗಳು ಎಷ್ಟೋ ಇವೆ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿದ್ದರೂ ವಿಶೇಷ ಚಿಕಿತ್ಸೆಗೆ ಜನ ಮಂಗಳೂರಿನ ದಾರಿ ಹಿಡಿಯುವುದು ತಪ್ಪಿಲ್ಲ. ಪ್ರತಿ ಭೇಟಿಗೂ ಕಾರು ಬಾಡಿಗೆ ಮಾಡಿದರೆ ಔಷಧಿಗಿಂತ ಪ್ರಯಾಣವೇ ಭಾರವಾಗುತ್ತದೆ. ರೋಗಿಯ ಜೊತೆಗೆ ಬರುವವರ ದಿನಗೂಲಿಯೂ ಹೋಗುತ್ತದೆ. 1848ರಷ್ಟು ಹಳೆಯದಾದ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯೂ ಲೇಡಿಗೋಶನ್ ಆಸ್ಪತ್ರೆಯೂ ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೆ ಹತ್ತಿರ. ಕ್ಯಾನ್ಸರ್, ಮೂತ್ರಪಿಂಡ, ಥಲಸೇಮಿಯಾ ರೋಗಿಗಳಿಗೆ ಚಿಕಿತ್ಸೆಯ ಪ್ರಯಾಣಕ್ಕೆ ರೈಲ್ವೆ ರಿಯಾಯಿತಿಯೂ ಇದೆ.

ಹಾಗಾಗಿ ರೈಲು ನಗರದ ಯಾವ ನಿಲ್ದಾಣಕ್ಕೆ ಬರುತ್ತದೆ ಎಂಬುದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಸೆಂಟ್ರಲ್‌ನಲ್ಲಿ ಇಳಿದವರು ಹಂಪನಕಟ್ಟೆಗೆ ನಡೆದೇ ಹೋಗಬಹುದು. ಊರ ಹೊರಗಿನ ಮಂಗಳೂರು ಜಂಕ್ಷನ್‌ನಲ್ಲಿ ಇಳಿದರೆ ಆಟೋ ಹಿಡಿಯಬೇಕು. ರೈಲಿಗೆ ಕೊಟ್ಟ ಹತ್ತು ರೂಪಾಯಿಯ ಹಲವು ಪಟ್ಟು ಅಲ್ಲಿ ಹೋಗುತ್ತದೆ. ಮನೆಯಿಂದ ನಿಲ್ದಾಣ, ನಿಲ್ದಾಣದಿಂದ ಗುರಿ, ಈ ಎರಡು ತುದಿಗಳ ಖರ್ಚನ್ನೂ ಸಮಯವನ್ನೂ ಸೇರಿಸಿಯೇ ಪ್ರಯಾಣದ ಬೆಲೆಯನ್ನು ಲೆಕ್ಕ ಹಾಕಬೇಕು.

ಹಣ ಆಚೆಗೆ ಹರಿದುಹೋಗುವುದಿಲ್ಲವೇ?

ಪ್ರಾಮಾಣಿಕವಾಗಿ ಕೇಳಬೇಕಾದ ಪ್ರಶ್ನೆ ಇದು. ದಾರಿ ಸುಲಭವಾದರೆ ಸಂಪಾದನೆ ಮನೆಗೆ ಬರುತ್ತದೆ, ಹಾಗೆಯೇ ಖರೀದಿ ನಗರಕ್ಕೆ ಹೋಗುತ್ತದೆ. ಮಂಗಳೂರಿನ ಜವಳಿ, ಚಿನ್ನ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎದುರು ಉಪ್ಪಳದ ಅಂಗಡಿ ಸೋಲಬಹುದು. ರೈಲು ಬಂದ ಊರೆಲ್ಲ ಉದ್ಧಾರವಾಗುತ್ತದೆ ಎನ್ನುವುದು ತಪ್ಪು.

ಭಾರತದ ರೈಲಿನ ಬಗ್ಗೆ ನಡೆದ ಬಹು ಪ್ರಸಿದ್ಧ ಅಧ್ಯಯನವೊಂದಿದೆ. ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ 1870ರಿಂದ 1930ರವರೆಗಿನ ಬ್ರಿಟಿಷ್ ಕಾಲದ ಅಂಕಿಗಳನ್ನು ಅಳೆದು, ಹಳಿ ಬಂದ ಜಿಲ್ಲೆಯಲ್ಲಿ ನೈಜ ಕೃಷಿ ಆದಾಯ ಸರಾಸರಿ ಶೇ 16ರಷ್ಟು ಏರಿತೆಂದು ತೋರಿಸಿದರು. ಆದರೆ ಅದು ಸರಕಿನ ಕತೆ. ಎತ್ತಿನ ಗಾಡಿಯಲ್ಲಿ ಸಾಗದಿದ್ದ ಧಾನ್ಯ, ಉಪ್ಪು ಅಗ್ಗವಾಗಿ ಸಾಗಿದ್ದರಿಂದ ಬಂದ ಲಾಭ. ಇಂದಿನ ಲೋಕಲ್ ರೈಲಿಗೆ ಆ ಅಂಕಿಯನ್ನು ಅಂಟಿಸುವುದು ಸರಿಯಲ್ಲ. ಇಲ್ಲಿಯ ಅಡಿಕೆಯೂ ಗೇರುಬೀಜವೂ ಈಗ ಲಾರಿಯಲ್ಲಿ ಹೋಗುತ್ತವೆ. ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ. ಬದಿಯಡ್ಕ, ಪೆರ್ಲದ ಕೃಷಿಕರು ಅಲ್ಲಿಗೆ ಅಡಿಕೆ ಕೊಡಲು ರೈಲು ಬೇಕಿಲ್ಲ. ಪ್ರಯಾಣಿಕರ ರೈಲು ಸಾಗಿಸುವುದು ಮನುಷ್ಯರ ದುಡಿಮೆಯನ್ನು.

ಖರೀದಿ ಹರಿದುಹೋಗುವ ಭಯದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ದೊಡ್ಡ ಖರೀದಿಗೆ ಮಂಗಳೂರಿಗೆ ಹೋಗುವವರು ಕಾರಿನಲ್ಲಿ ಈಗಾಗಲೇ ಹೋಗುತ್ತಿದ್ದಾರೆ. ತಲಪಾಡಿಯಿಂದ ದಕ್ಷಿಣಕ್ಕೆ ಆರು ಪಥವಾದ ರಾಷ್ಟ್ರೀಯ ಹೆದ್ದಾರಿ 66 ಅವರಿಗೆ ಇನ್ನಷ್ಟು ಅನುಕೂಲ ಮಾಡಿದೆ. ರೈಲು ಇಲ್ಲವಾದರೆ ಆ ಹರಿವು ನಿಲ್ಲದು. ಕಾರಿಲ್ಲದವರ ಸಂಪಾದನೆ ಮಾತ್ರ ನಿಲ್ಲುತ್ತದೆ. ಮಂಗಳೂರಿನಲ್ಲಿ ದುಡಿದರೂ ಕುಂಬಳೆಯಲ್ಲೇ ಮಲಗುವವರು ಬಾಡಿಗೆ, ಹಾಲು, ತರಕಾರಿ, ಮಕ್ಕಳ ಶಾಲೆ ಎಲ್ಲಕ್ಕೂ ಊರಿನಲ್ಲೇ ಖರ್ಚು ಮಾಡುತ್ತಾರೆ. ಅದೇ ಕುಟುಂಬ ರೈಲು ಸಿಗದೆ ಮಂಗಳೂರಿಗೆ ಮನೆ ಬದಲಾಯಿಸಿದರೆ ಊರು ಕಳೆದುಕೊಳ್ಳುವುದು ಇಡೀ ಮನೆಯ ಖರ್ಚನ್ನು, ಜೊತೆಗೆ ಕನ್ನಡ ಶಾಲೆಗೆ ಸೇರಬೇಕಿದ್ದ ಎರಡು ಮಕ್ಕಳನ್ನು. ಕಾಸರಗೋಡಿನ ಕನ್ನಡ ಶಾಲೆಗಳ ತರಗತಿಗಳು ತೆಳ್ಳಗಾಗುವುದನ್ನು ಕಂಡು ಮರುಗುವವರು ರೈಲಿನ ವೇಳಾಪಟ್ಟಿಯ ಮೇಲೂ ಒಂದು ಕಣ್ಣಿಡಬೇಕು.

ಪ್ರವಾಸೋದ್ಯಮದ ಮಾತು ಎಲ್ಲ ವರದಿಗಳಲ್ಲೂ ಬರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆಗೆ ಅದರದೇ ಹೆಸರಿನ ನಿಲ್ದಾಣವಿದೆ. ಅನಂತಪುರದ ಸರೋವರ ದೇವಾಲಯಕ್ಕೆ ಕುಂಬಳೆಯಲ್ಲಿ, ಮಧೂರಿಗೆ ಕಾಸರಗೋಡಿನಲ್ಲಿ ಇಳಿಯಬಹುದು. ಸಂಜೆಯ ರೈಲು ಸರಿಯಾದ ಹೊತ್ತಿಗೆ ಇಲ್ಲದಿದ್ದರೆ ಒಂದು ದಿನದ ಪ್ರವಾಸಿಗರು ಬಾಡಿಗೆ ವಾಹನದಲ್ಲಿ ಬಂದು ಮಂಗಳೂರಿಗೋ ಕಣ್ಣೂರಿಗೋ ಮರಳುತ್ತಾರೆ. ನಿಲ್ದಾಣದ ಬದಿಯ ಹೋಟೆಲಿಗೂ ಆಟೋದವರಿಗೂ ಅದರಿಂದ ಏನೂ ಸಿಗದು.

‘ನಷ್ಟ’ ಎಂಬ ಮಾತಿನ ಒಳಗೆ

ರೈಲು ಟಿಕೆಟ್ಟಿನ ಮೇಲೆ ಒಂದು ಸಾಲು ಅಚ್ಚಾಗಿ ಬರುತ್ತಿದ್ದುದು ಓದುಗರಿಗೆ ನೆನಪಿರಬಹುದು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57 ಮಾತ್ರ ರೈಲ್ವೆಗೆ ಟಿಕೆಟ್ಟಿನಿಂದ ಬರುತ್ತದೆ ಎಂದು. ಉಳಿದದ್ದನ್ನು ಮುಖ್ಯವಾಗಿ ಸರಕು ಸಾಗಣೆಯ ಆದಾಯದಿಂದ ತುಂಬಲಾಗುತ್ತದೆ. ಇದು ಉಚಿತದ ಹಣವಲ್ಲ. ಕಲ್ಲಿದ್ದಲು, ಸಿಮೆಂಟ್, ಧಾನ್ಯಗಳ ಸಾಗಣೆ ದರ ಏರಿದರೆ ನಮ್ಮ ವಿದ್ಯುತ್ ಬಿಲ್ಲಿನಲ್ಲೂ ಮನೆ ಕಟ್ಟುವ ಖರ್ಚಿನಲ್ಲೂ ಅದು ಬಂದು ಕೂರುತ್ತದೆ. ಆದ್ದರಿಂದ ರೈಲ್ವೆಯ ಆತಂಕವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಸರಾಸರಿ ವೆಚ್ಚ ಬೇರೆ, ಇನ್ನೊಂದು ರೈಲು ಓಡಿಸಲು ಬೇಕಾದ ಹೆಚ್ಚುವರಿ ವೆಚ್ಚ ಬೇರೆ. ಶೊರನೂರು–ಮಂಗಳೂರು ಮಾರ್ಗ ಜೋಡಿಹಳಿಯಾಗಿದೆ, ವಿದ್ಯುದೀಕರಣವಾಗಿದೆ. ಹಳಿ, ಸೇತುವೆ, ಸಿಗ್ನಲ್, ನಿಲ್ದಾಣ, ಇವುಗಳ ಖರ್ಚು ಲೋಕಲ್ ರೈಲು ಓಡಿದರೂ ಓಡದಿದ್ದರೂ ಇದ್ದೇ ಇದೆ. ಹೊಸ ರೈಲಿಗೆ ಹೆಚ್ಚಾಗಿ ತಗಲುವುದು ವಿದ್ಯುತ್ತು, ಚಾಲಕರು ಮತ್ತು ಸಿಬ್ಬಂದಿ, ಬೋಗಿಗಳ ಸವಕಳಿ, ನಿರ್ವಹಣೆ. ಹಳೆಯ ಖರ್ಚನ್ನೆಲ್ಲ ಹಂಚಿ ಹೊಸ ರೈಲಿನ ತಲೆಗೆ ಕಟ್ಟಿದರೆ ಯಾವ ಲೋಕಲ್ ರೈಲೂ ಲಾಭದಲ್ಲಿ ಕಾಣದು. ಇನ್ನೊಂದು ಕಡೆ, ಸಾವಿರ ಜನರನ್ನು ಹೊತ್ತ ಒಂದು ರೈಲು ರಸ್ತೆಯಿಂದ ಇಪ್ಪತ್ತು ಬಸ್ಸುಗಳ ಜನರನ್ನು ಇಳಿಸುತ್ತದೆ. ಅದರಿಂದ ಉಳಿಯುವ ಇಂಧನ, ತಪ್ಪುವ ಅಪಘಾತಗಳು, ತಗ್ಗುವ ದಟ್ಟಣೆ ಯಾವುದೂ ರೈಲ್ವೆಯ ಖಾತೆಗೆ ಜಮೆಯಾಗುವುದಿಲ್ಲ. ಖರ್ಚು ಒಬ್ಬರ ಪುಸ್ತಕದಲ್ಲಿ, ಲಾಭ ನೂರು ಜನರ ಪುಸ್ತಕದಲ್ಲಿ. ಇಡೀ ಗೊಂದಲದ ಬೇರು ಇಲ್ಲಿದೆ.

ಈಗಿರುವ ಪ್ರಯಾಣಿಕರನ್ನು ಎಣಿಸಿ ಮುಂದಿನ ಬೇಡಿಕೆಯನ್ನು ಅಳೆಯುವುದೂ ಮೋಸ ಮಾಡುತ್ತದೆ. ಸ್ಕಾಟ್ಲೆಂಡಿನ ಗಡಿ ಪ್ರದೇಶದ ರೈಲು ಮಾರ್ಗ ನಷ್ಟದ ಕಾರಣಕ್ಕೆ 1969ರಲ್ಲಿ ಮುಚ್ಚಿತ್ತು. ಅದರ ಒಂದು ಭಾಗ, ಎಡಿನ್‌ಬರೋ ಹೊರವಲಯದಿಂದ ಟ್ವೀಡ್‌ಬ್ಯಾಂಕ್‌ವರೆಗಿನ ಸುಮಾರು 48 ಕಿಲೋಮೀಟರ್, 2015ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಮೊದಲ ವರ್ಷದ ಅಂದಾಜು ಸುಮಾರು ಆರೂವರೆ ಲಕ್ಷ ಪ್ರಯಾಣಗಳು. ನಡೆದದ್ದು ಹತ್ತು ಲಕ್ಷಕ್ಕೂ ಹೆಚ್ಚು. ದೂರದ ಸಣ್ಣ ಊರುಗಳ ನಿಲ್ದಾಣಗಳಲ್ಲಿ ಅಂದಾಜು ಬಹಳ ಮೀರಿತು, ನಗರಕ್ಕೆ ಹತ್ತಿರದ ಕೆಲವು ನಿಲ್ದಾಣಗಳಲ್ಲಿ ಮುಟ್ಟಲೇ ಇಲ್ಲ. ದೂರದ ಊರಿನವರಿಗೆ ಬೇರೆ ದಾರಿ ಕಷ್ಟವಾಗಿತ್ತು, ಅವರು ಕಾದಿದ್ದರು. ಮಂಗಳೂರಿನಿಂದ 46 ಕಿಲೋಮೀಟರ್ ದೂರವಿರುವ ಕಾಸರಗೋಡಿನವರಿಗೆ ಈ ದೂರದ ಲೆಕ್ಕ ಅಪರಿಚಿತವಲ್ಲ.

ವೇಗಕ್ಕಿಂತ ವೇಳೆ

ಕೇರಳದ ಮೊದಲ ವಂದೇ ಭಾರತ್ ರೈಲು 2023ರ ಏಪ್ರಿಲ್ 25ರಂದು ಓಡಿತು, ತಿರುವನಂತಪುರ–ಕಾಸರಗೋಡು ನಡುವೆ. ಅದೇ ಸೆಪ್ಟೆಂಬರ್‌ನಲ್ಲಿ ಎರಡನೆಯದು ಬಂತು. ಅದನ್ನು 2024ರ ಮಾರ್ಚ್‌ನಲ್ಲಿ ಮಂಗಳೂರಿಗೆ ವಿಸ್ತರಿಸಿದರು. ಸುಮಾರು 64,000 ಕೋಟಿ ರೂಪಾಯಿ ಅಂದಾಜಿನ, 529 ಕಿಲೋಮೀಟರ್ ಉದ್ದದ ಸಿಲ್ವರ್‌ಲೈನ್ ಎಂಬ ವೇಗದ ರೈಲು ಯೋಜನೆಯ ಉತ್ತರ ತುದಿಯೂ ಕಾಸರಗೋಡೇ ಆಗಿತ್ತು. ರಾಜಧಾನಿಗೆ ಬೇಗ ಹೋಗುವುದು ಒಳ್ಳೆಯದೇ. ಆದರೆ ವರ್ಷಕ್ಕೆ ಎರಡು ಸಲ ತಿರುವನಂತಪುರಕ್ಕೆ ಹೋಗುವವರ ನಾಲ್ಕು ಗಂಟೆ ಉಳಿಸುವುದಕ್ಕೂ, ವರ್ಷಕ್ಕೆ ಮುನ್ನೂರು ದಿನ ಮಂಗಳೂರಿಗೆ ಹೋಗುವವರ ಅರ್ಧ ಗಂಟೆ ಉಳಿಸುವುದಕ್ಕೂ ಹೋಲಿಸಿ ನೋಡಿ. ಎರಡನೆಯದರಲ್ಲಿ ಉಳಿಯುವ ಗಂಟೆಗಳೇ ಹೆಚ್ಚು.

ಅಲ್ಲದೆ ಒಂದೇ ಹಳಿಯಲ್ಲಿ ಬೇರೆಬೇರೆ ವೇಗದ ರೈಲುಗಳು ಓಡುವಾಗ ತೊಡಕು ಶುರುವಾಗುತ್ತದೆ. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಹೋದರೆ 46 ಕಿಲೋಮೀಟರ್‌ಗೆ 69 ನಿಮಿಷ. ನಡುವೆ ನಿಲ್ಲದ ವೇಗದ ರೈಲು ಸರಾಸರಿ 80ರಲ್ಲಿ ಹೋದರೆ ಸುಮಾರು 35 ನಿಮಿಷ. ಹಿಂದಿನಿಂದ ಬರುವ ವೇಗದ ರೈಲಿಗೆ ಅಡ್ಡಿಯಾಗದಿರಲು ಪ್ಯಾಸೆಂಜರ್ ಅದಕ್ಕಿಂತ 34 ನಿಮಿಷ ಮುಂಚೆ ಹೊರಡಬೇಕು, ಇಲ್ಲವೇ ನಡುವಿನ ನಿಲ್ದಾಣದ ಬದಿಯ ಹಳಿಗೆ ಸರಿದು ದಾರಿ ಬಿಡಬೇಕು. ಹಾಗೆ ಸರಿದಾಗ ಒಳಗೆ ಕುಳಿತವರ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಒಂದೊಂದು ಹೊಸ ವೇಗದ ರೈಲು ಬಂದಾಗಲೂ ವೇಳಾಪಟ್ಟಿಯಲ್ಲಿ ಲೋಕಲ್ ರೈಲಿನ ಜಾಗ ಕಿರಿದಾಗುವುದು ಈ ಕಾರಣಕ್ಕೆ. ಯಾರದೋ ದ್ವೇಷದಿಂದ ಹಾಗಾಗುತ್ತಿದೆ ಎಂದು ನಂಬುವವರಿದ್ದಾರೆ. ಕಾರಣ ಈ ಗಣಿತ.

ಇದಕ್ಕೆ ಪರಿಹಾರಗಳಿವೆ. ಎರಡು ತುದಿಯಲ್ಲೂ ಚಾಲಕರ ಕೋಣೆ ಇರುವ ಮೆಮು ರೈಲು ನಿಂತು ಬೇಗ ವೇಗ ಹಿಡಿಯುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವಿಲ್ಲದ್ದರಿಂದ ಪ್ಲಾಟ್‌ಫಾರ್ಮನ್ನು ಬೇಗ ಬಿಟ್ಟುಕೊಡುತ್ತದೆ. ಮೂರೇ ಪ್ಲಾಟ್‌ಫಾರ್ಮ್‌ಗಳಿಂದ ಬಹುಕಾಲ ಇಕ್ಕಟ್ಟಿನಲ್ಲಿದ್ದ ಮಂಗಳೂರು ಸೆಂಟ್ರಲ್‌ಗೆ ಇದು ದೊಡ್ಡ ಉಪಕಾರ.

ಕೆಲಸಕ್ಕೆ ಹೋಗುವವರಿಗೆ ಇಡೀ ದಿನದಲ್ಲಿ ಬೇಕಾಗುವುದು ಎರಡು ರೈಲು: ಎಂಟೂವರೆ, ಒಂಬತ್ತರೊಳಗೆ ಮುಟ್ಟಿಸುವ ಒಂದು, ಅಂಗಡಿ ಮುಚ್ಚಿದ ಮೇಲೂ ಸಿಗುವ ಒಂದು. ಬೆಳಿಗ್ಗೆ ಚೆನ್ನಾದ ರೈಲಿದ್ದು ರಾತ್ರಿ ಎಂಟೂವರೆಗೆ ಮರಳುವ ರೈಲಿಲ್ಲದಿದ್ದರೆ ಬೆಳಗಿನ ರೈಲಿನ ಉಪಯೋಗವೂ ಅರ್ಧವಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಇನ್ನೊಂದು ರೈಲು ಸೇರಿಸಿ ‘ಸೇವೆ ಹೆಚ್ಚಿಸಿದ್ದೇವೆ’ ಎಂದರೆ ಬೋಗಿಗಳು ಖಾಲಿ ಓಡುತ್ತವೆ, ಆಮೇಲೆ ಆ ಖಾಲಿತನವೇ ರೈಲು ನಿಲ್ಲಿಸಲು ಕಾರಣವಾಗುತ್ತದೆ.

2014ರ ಜುಲೈ ರೈಲ್ವೆ ಬಜೆಟ್‌ನಲ್ಲಿ ಆಗಿನ ಸಚಿವ ಡಿ.ವಿ. ಸದಾನಂದ ಗೌಡರು ಬೈಂದೂರು–ಕಾಸರಗೋಡು ಪ್ಯಾಸೆಂಜರ್ ಘೋಷಿಸಿದ್ದರು. ಮೂಕಾಂಬಿಕೆಯ ಭಕ್ತರು, ಉಡುಪಿಯ ಕಡೆಗೆ ಹೋಗುವ ವಿದ್ಯಾರ್ಥಿಗಳು, ಮಣಿಪಾಲದ ರೋಗಿಗಳು ಎಲ್ಲರಿಗೂ ಬೇಕಾದ ದಾರಿ ಅದು. ಈಗ ಆ ರೈಲಿಲ್ಲ. ಮಂಗಳೂರಿನಲ್ಲಿ ಮೂರು ರೈಲ್ವೆ ಆಡಳಿತಗಳು ಸೇರುತ್ತವೆ. ಕಾಸರಗೋಡಿನ ಕಡೆಯದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಅದರ ಕೇಂದ್ರ ಮುನ್ನೂರು ಕಿಲೋಮೀಟರ್‌ಗೂ ದೂರ. ಸುಬ್ರಹ್ಮಣ್ಯದ ಕಡೆಯದು ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಪ್ರತಿಯೊಬ್ಬರೂ ತಮ್ಮ ಲೋಕಲ್ ರೈಲನ್ನು ಮಂಗಳೂರಿನಲ್ಲಿ ಮುಗಿಸುತ್ತಾರೆ. ಮಂಗಳೂರಿನಿಂದ ಕಬಕ ಪುತ್ತೂರಿಗಿದ್ದ ಪ್ಯಾಸೆಂಜರ್ 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಣೆಯಾಯಿತು. ಅದೇ ಬೋಗಿಗಳು ಇತ್ತ ಕಾಸರಗೋಡಿಗೂ ಬಂದರೆ ನಡುವೆ ಇಳಿದು ಹತ್ತುವ ಗೋಳು ತಪ್ಪುತ್ತದೆ, ಮಂಗಳೂರಿನ ಪ್ಲಾಟ್‌ಫಾರ್ಮೂ ಬೇಗ ಖಾಲಿಯಾಗುತ್ತದೆ. ಇದಕ್ಕೆ ಹೊಸ ಹಳಿ ಬೇಕಿಲ್ಲ. ಎರಡು ವಿಭಾಗಗಳ ಒಪ್ಪಂದ ಸಾಕು.

ರೈಲು ಕರಾವಳಿಯ ಅಂಚಿನಲ್ಲೇ ಓಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮುಳ್ಳೇರಿಯ, ಅಡೂರು, ದೇಲಂಪಾಡಿ, ಬಂದಡ್ಕದ ಕಡೆಯ ಕನ್ನಡಿಗರಿಗೆ ನಿಲ್ದಾಣವೇ ಬಹುದೂರ. ಕಾಞಂಗಾಡಿನಿಂದ ಪಾಣತ್ತೂರು ಮೂಲಕ ಪುತ್ತೂರು–ಸುಬ್ರಹ್ಮಣ್ಯ ಹಳಿಯ ಕಾಣಿಯೂರಿಗೆ ಸುಮಾರು 90 ಕಿಲೋಮೀಟರ್‌ನ ಹೊಸ ಮಾರ್ಗದ ಬೇಡಿಕೆ ವರ್ಷಗಳಿಂದ ಇದೆ, ಸಮೀಕ್ಷೆಯೂ ನಡೆದಿದೆ. ಆದರೆ ಆ ಹಳಿಯಾಗುವವರೆಗೆ ಕಾಯಬೇಕಾಗಿಲ್ಲ. ಕುಂಬಳೆ–ಬದಿಯಡ್ಕ–ಮುಳ್ಳೇರಿಯ ರಸ್ತೆಯ ಬಸ್ಸು ರೈಲಿನ ಹೊತ್ತಿಗೆ ಹತ್ತು ನಿಮಿಷ ಮುಂಚೆ ಕುಂಬಳೆ ನಿಲ್ದಾಣ ತಲುಪುವಂತೆ, ರಾತ್ರಿಯ ರೈಲು ಬಂದ ಮೇಲೆ ಹೊರಡುವಂತೆ ಮಾಡಿದರೆ ಹಳಿ ಬದಿಯಡ್ಕಕ್ಕೆ ಬಂದಷ್ಟೇ ಉಪಯೋಗ.

ಇನ್ನೊಂದು ಮಾತು, ನಿಲುಗಡೆ ಕೇಳುವವರಿಗೆ ಕೆಲಸಕ್ಕೆ ಬರುವಂಥದ್ದು. ನಿಲುಗಡೆ ಕೊಡುವಾಗ ರೈಲ್ವೆ ಆ ನಿಲ್ದಾಣದ ಟಿಕೆಟ್ ಮಾರಾಟವನ್ನು ನೋಡುತ್ತದೆ. ಕುಂಬಳೆಯವರು ಹೋಗಿಬರುವ ಸೀಸನ್ ಟಿಕೆಟ್ಟನ್ನು ಮಂಗಳೂರಿನಲ್ಲಿ ಕೊಂಡರೆ ಅದು ಮಂಗಳೂರಿನ ಮಾರಾಟವಾಗಿ ಉಳಿಯುತ್ತದೆ. ಅಗ್ಗದ, ಉಚಿತದ ಟಿಕೆಟ್ಟುಗಳು ಹೆಚ್ಚಿರುವ ನಿಲ್ದಾಣದ ಆದಾಯವೂ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ರೂಪಾಯಿಯ ಜೊತೆಗೆ ತಲೆಗಳನ್ನೂ ಎಣಿಸಬೇಕು. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ ಪಂಚಾಯತಿಗಳು ಒಂದು ವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಜನರನ್ನು ನಿಲ್ಲಿಸಿ ಕೇಳಲಿ: ಎಲ್ಲಿಗೆ, ಯಾವ ಕೆಲಸಕ್ಕೆ, ಮರಳುವುದು ಎಷ್ಟು ಗಂಟೆಗೆ, ರೈಲು ಇದ್ದಿದ್ದರೆ ಹತ್ತುತ್ತಿದ್ದಿರೋ ಇಲ್ಲವೋ. ಕಾಲೇಜಿನ ಮಕ್ಕಳು ಮೊಬೈಲಿನಲ್ಲೇ ಇದನ್ನು ದಾಖಲಿಸಬಲ್ಲರು. ಆ ಪಟ್ಟಿಯನ್ನು ಪಾಲಕ್ಕಾಡ್ ವಿಭಾಗದ ಬಳಕೆದಾರರ ಸಲಹಾ ಸಮಿತಿಯ ಮುಂದೆ ಇಟ್ಟು, ಯಾವ ಹೊತ್ತಿಗೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ತೋರಿಸಿ ರಾತ್ರಿಯ ಮರಳುವ ರೈಲನ್ನು ಮೊದಲು ಕೇಳಬೇಕು.